ವೇದಿಕೆಗೆ ಬೇಸ್ ಗಿಟಾರ್: ಮೊದಲು ಕೊಳ್ಳುವುದೇನು, ಆಮೇಲೆ ಏನು?

ಗಣೇಶನ ಪೆಂಡಾಲಿನ ರಸಮಂಜರಿ ಇರಲಿ, ಬೆಂಗಳೂರಿನ ಪಬ್ ಇರಲಿ, ಭಾನುವಾರದ ಚರ್ಚ್ ಇರಲಿ, ಬೇಸ್ ನುಡಿಸುವವರು ದುಡ್ಡು ಹಾಕುವ ಕ್ರಮ ಹೆಚ್ಚಾಗಿ ತಲೆಕೆಳಗಾಗಿರುತ್ತದೆ. ಮೊದಲು ದೊಡ್ಡ ಆಂಪ್, ಆಮೇಲೆ ನಾಲ್ಕಾರು ಪೆಡಲ್, ಕೊನೆಗೆ ಮಿಕ್ಕ ಚಿಲ್ಲರೆಗೆ ಸಿಕ್ಕಿದ ಕೇಬಲ್. ಆದರೆ ಬೇಸ್ ಕೂಡ ಮಿಕ್ಸರ್ ಮೂಲಕ ಹೋಗುವ ಕಾರ್ಯಕ್ರಮದಲ್ಲಿ, ಗಿಟಾರಿನಿಂದ ಡಿಐ ಬಾಕ್ಸ್‌ಗೆ (ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿಕೊಡುವ ಪುಟ್ಟ ಡಬ್ಬಿ), ಅಲ್ಲಿಂದ ಮಿಕ್ಸರ್‌ಗೆ ಹೋಗುವ ಸಿಗ್ನಲ್ಲೇ ಜನರ ಕಿವಿ ಮುಟ್ಟುತ್ತದೆ. ಆಂಪ್ ಇರುವುದು ನಿಮಗೆ ಮತ್ತು ಪಕ್ಕದ ಡ್ರಮ್ಮರ್‌ಗೆ ಕೇಳಿಸಲು. ಹಾಗಾಗಿ ಗಿಟಾರ್ ಮತ್ತು ಅದರ ಸೆಟಪ್ (ತಂತಿ, ನೆಕ್ ಹದ ಮಾಡುವ ಕೆಲಸ), ಒಳ್ಳೆಯ ಎರಡು ಕೇಬಲ್, ಟ್ಯೂನರ್, ಡಿಐ ಮೊದಲು ಬರಲಿ. ಇವೆಲ್ಲ ಕೈಗೆ ಬಂದ ಮೇಲೆ ಆಂಪ್. ಉಳಿದ ಪೆಡಲ್‌ಗಳಿಗೆ ಅವಸರವೇ ಬೇಡ.

1. ನಾಲ್ಕು ತಂತಿಯೋ, ಐದೋ?

ಇದನ್ನು ನೀವು ಯಾರ ಜೊತೆ ನುಡಿಸುತ್ತೀರಿ ಎನ್ನುವುದು ತೀರ್ಮಾನಿಸುತ್ತದೆ. ಸಿನಿಮಾ ಹಾಡುಗಳ ಆರ್ಕೆಸ್ಟ್ರಾದಲ್ಲಿ ಗಾಯಕರು ‘ಇವತ್ತು ಗಂಟಲು ಸರಿ ಇಲ್ಲ, ಒಂದು ಸ್ಕೇಲ್ ಇಳಿಸಿ’ ಅನ್ನುತ್ತಾರೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಮುಗಿಯಿತು. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ಹಾಡು ಇ ಯಿಂದ ಡಿ ಗೆ ಇಳಿದರೆ ಆ ಕೆಳಗಿನ ಡಿ ನಿಮ್ಮ ಹತ್ತಿರ ಇರುವುದಿಲ್ಲ. ಒಂದು ಸ್ಥಾಯಿ ಮೇಲೆ ಹೋಗಿ ನುಡಿಸಿದರೆ ಹಾಡಿನ ತಳವೇ ತೆಳ್ಳಗಾಗುತ್ತದೆ. ಐದನೇ ತಂತಿ ಬಿ, ಸುಮಾರು 31 ಹರ್ಟ್ಸ್‌ವರೆಗೆ ಇಳಿಯುತ್ತದೆ. ಆರ್ಕೆಸ್ಟ್ರಾದವರಿಗೆ ಐದು ತಂತಿಯದ್ದೇ ಸರಿ. ರಾಕ್, ಬ್ಲೂಸ್, ಚರ್ಚ್ ಸಂಗೀತಕ್ಕೆ ನಾಲ್ಕೇ ಸಾಕು, ಕೈಗೂ ಹಗುರ.

ಕಡಿಮೆ ಬೆಲೆಯ ಐದು ತಂತಿಯ ಬೇಸ್‌ಗಳಲ್ಲಿ ಬಿ ತಂತಿ ಸಡಿಲವಾಗಿ, ಸ್ವರವೇ ಇಲ್ಲದೆ ಬರೀ ‘ಗುಂಯ್’ ಅನ್ನುವುದುಂಟು. ಅಂಗಡಿಯಲ್ಲಿ ಆ ತಂತಿಯ ಐದನೇ ಫ್ರೆಟ್‌ನ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಇ ಯನ್ನೂ ಪಕ್ಕದ ಖಾಲಿ ಇ ತಂತಿಯನ್ನೂ ಒಂದಾದ ಮೇಲೊಂದು ಮೀಟಿ. ಎರಡೂ ಒಂದೇ ವಾದ್ಯದ ದನಿ ಅನಿಸಬೇಕು. ಸಾಮಾನ್ಯ ಬೇಸ್‌ನ ಸ್ಕೇಲ್ ಉದ್ದ, ಅಂದರೆ ತಂತಿ ಕಂಪಿಸುವ ಭಾಗದ ಉದ್ದ, 34 ಇಂಚು. 35 ಇಂಚಿನ ಐದು ತಂತಿಯದ್ದು ಸಿಕ್ಕಿದರೆ ಬಿ ಬಿಗಿಯಾಗಿರುತ್ತದೆ.

2. ಪಿಕಪ್

ಪಿಕಪ್ ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಅಯಸ್ಕಾಂತದ ಭಾಗ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ಇವತ್ತು ನಾವು ನೋಡುವ ಎರಡು ತುಂಡಿನ ಪಿಕಪ್ ಅದಕ್ಕೆ ಬಂದದ್ದು 1957ರಲ್ಲಿ. ಎರಡು ಪಿಕಪ್‌ನ ಜಾಝ್ ಬೇಸ್ 1960ರದ್ದು. ಬ್ಯಾಟರಿ ಹಾಕಿದ ಆ್ಯಕ್ಟಿವ್ ಬೇಸ್‌ಗಳನ್ನು ಜನಪ್ರಿಯ ಮಾಡಿದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ 1976ರದ್ದು. ಅಂಗಡಿಯಲ್ಲಿ ತೂಗುಹಾಕಿರುವ ಬೇಸ್‌ಗಳಲ್ಲಿ ಬಹುಪಾಲು ಈ ಮೂರರ ಮಕ್ಕಳು, ಮೊಮ್ಮಕ್ಕಳು.

ಮೊದಲ ಬೇಸ್ ಆದರೆ ಪ್ರಿಸಿಷನ್ ಮಾದರಿ ತೆಗೆದುಕೊಳ್ಳಿ. ಅದರ ಎರಡು ತುಂಡುಗಳು ಒಂದರ ಹಮ್ಮನ್ನು (ಕರೆಂಟಿನಿಂದ ಬರುವ ಗುಂಯ್ ಸದ್ದನ್ನು) ಇನ್ನೊಂದು ಅಳಿಸುತ್ತವೆ. ಸಾಲು ಸೀರಿಯಲ್ ಲೈಟ್, ಡಿಮ್ಮರ್, ಎಲ್‌ಇಡಿ ಪರದೆ ತುಂಬಿದ ನಮ್ಮ ವೇದಿಕೆಗಳಲ್ಲಿ ಇದು ಸಣ್ಣ ಲಾಭವಲ್ಲ. ಜಾಝ್ ಮಾದರಿಯಲ್ಲಿ ಎರಡೂ ವಾಲ್ಯೂಮ್ ಸಮನಾಗಿ ತಿರುಗಿಸಿದಾಗ ಮಾತ್ರ ಹಮ್ ಹೋಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೂ ‘ಜುಂಯ್’ ಶುರು. ಆದರೆ ಅದರ ನೆಕ್ ತೆಳ್ಳಗೆ, ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ 38 ಮಿ.ಮೀ. ಅಷ್ಟೇ ಅಗಲ. ಸಣ್ಣ ಕೈಯವರಿಗೆ ಅದು ದೊಡ್ಡ ಅನುಕೂಲ.

ಆ್ಯಕ್ಟಿವ್ ಬೇಸ್ ಕೊಂಡರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಕೇಬಲ್ ಚುಚ್ಚಿರುವಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮಧ್ಯಾಹ್ನ ಸೌಂಡ್ ಚೆಕ್ ಮುಗಿಸಿ ಕೇಬಲ್ ಹಾಗೇ ಬಿಟ್ಟು ಊಟಕ್ಕೆ ಹೋದರೆ, ಹಳೆಯ ಬ್ಯಾಟರಿ ರಾತ್ರಿ ಕಾರ್ಯಕ್ರಮದ ನಡುವೆ ಕೈಕೊಡುತ್ತದೆ. ದನಿ ಮೊದಲು ಒಡೆಯುತ್ತದೆ, ಆಮೇಲೆ ಸಾಯುತ್ತದೆ. ಬ್ಯಾಟರಿ ಬದಲಿಸಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ.

3. ಅಂಗಡಿಯಲ್ಲಿ, ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಇಲ್ಲಿ ಅರ್ಧ ಗಂಟೆ ಕೊಡಿ. ಆಂಪ್‌ಗೆ ಹಾಕುವ ಮುಂಚೆ ಬರೀ ಕೈಯಲ್ಲಿ ನೋಡಿ.

ಇ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ, ಬಲಗೈ ಬೆರಳಲ್ಲಿ ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನೇರ ಅಡ್ಡಪಟ್ಟಿ. ಎಂಟನೇ ಫ್ರೆಟ್‌ನ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ಜಾರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲದಿದ್ದರೆ ನೆಕ್ ತೀರಾ ನೆಟ್ಟಗಿದೆ ಅಥವಾ ಹಿಂದಕ್ಕೆ ಬಾಗಿದೆ. ಕಾರ್ಡ್ ಹಾಕಿದ ಮೇಲೂ ಬೆಳಕು ಕಾಣುತ್ತಿದ್ದರೆ ಮುಂದಕ್ಕೆ ಬಾಗಿದೆ. ಎರಡನ್ನೂ ಟ್ರಸ್ ರಾಡ್‌ನಿಂದ (ನೆಕ್ ಒಳಗಿನ ಲೋಹದ ಸರಳಿನಿಂದ) ಸರಿಮಾಡಬಹುದು, ರಾಡ್ ಇನ್ನೂ ತಿರುಗುವಂತಿದ್ದರೆ. ಅಂಗಡಿಯವರಿಗೇ ಕಾಲು ಸುತ್ತು ತಿರುಗಿಸಿ ತೋರಿಸಿ ಅನ್ನಿ. ರಾಡ್ ಜಾಮ್ ಆಗಿದ್ದರೆ, ಅಥವಾ ಪೂರ್ತಿ ಬಿಗಿದು ಮುಗಿದಿದ್ದರೆ, ಎಷ್ಟೇ ಅಗ್ಗ ಸಿಕ್ಕರೂ ಬೇಡ. ನೆಕ್ ತಿರುಚಿಕೊಂಡಿದ್ದರಂತೂ ಕೈ ಮುಗಿದು ಹೊರಡಿ.

ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್‌ ನುಡಿಸಿ. ಒಂದನ್ನೂ ಬಿಡಬೇಡಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಕಿವಿ ಚುರುಕಾಗಿರಲಿ: ಅಲ್ಲಿ ಕೆಲವು ಬೇಸ್‌ಗಳಲ್ಲಿ ಸ್ವರ ಹುಟ್ಟಿದ ಕೂಡಲೇ ಸತ್ತುಹೋಗುತ್ತದೆ. ಅದು ನೆಕ್‌ನ ಮರದ ಗುಣ, ಯಾವ ಸೆಟಪ್‌ಗೂ ಪೂರ್ತಿ ಬಗ್ಗುವುದಿಲ್ಲ. ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ಸುಮ್ಮನೆ ತಾಗಿಸಿ) ಮೀಟಿ, ನಂತರ ಅದೇ ಫ್ರೆಟ್ ಒತ್ತಿ ಮೀಟಿ. ಟ್ಯೂನರ್ ಮುಳ್ಳು ಎರಡಕ್ಕೂ ಒಂದೇ ಕಡೆ ನಿಲ್ಲಬೇಕು. ಒತ್ತಿದಾಗ ಏರಿದರೆ ಬ್ರಿಡ್ಜ್‌ನ (ದೇಹದ ಮೇಲೆ ತಂತಿ ಕಟ್ಟುವ ಲೋಹದ ಪಟ್ಟಿಯ) ಸ್ಯಾಡಲ್, ಅಂದರೆ ತಂತಿ ಕೂರುವ ತುಂಡು, ಹಿಂದಕ್ಕೆ ಹೋಗಬೇಕು. ಇದು ಸ್ಕ್ರೂಡ್ರೈವರ್ ಕೆಲಸ, ಗಾಬರಿ ಬೇಡ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೂ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಸಾಮಾನ್ಯವಾಗಿ ಹೋಗುತ್ತದೆ, ಆದರೆ ಬೆಲೆ ಇಳಿಸಲು ಅದನ್ನು ಹೇಳಿ.

ಕೊನೆಗೆ ಬೆಲ್ಟ್ ಹಾಕಿ ನಿಂತು ಎಡಗೈ ಬಿಡಿ. ಗಿಟಾರಿನ ತಲೆ ನೆಲದ ಕಡೆ ವಾಲಿದರೆ ಮೂರು ಗಂಟೆಯ ಕಾರ್ಯಕ್ರಮ ಪೂರ್ತಿ ನಿಮ್ಮ ಎಡ ಭುಜವೇ ಅದನ್ನು ಹೊರುತ್ತದೆ. ತೂಕ ನಾಲ್ಕು ಕಿಲೋ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಬೆಲ್ಟ್ ಮೂರು ಇಂಚು ಅಗಲದ್ದಿರಲಿ.

4. ಸೆಟಪ್

ದುಬಾರಿ ಬೇಸ್ ಕೆಟ್ಟ ಸೆಟಪ್‌ನಲ್ಲಿ ನುಡಿಯುವುದಕ್ಕಿಂತ ಸಾಧಾರಣ ಬೇಸ್ ಒಳ್ಳೆಯ ಸೆಟಪ್‌ನಲ್ಲಿ ಚೆನ್ನಾಗಿ ನುಡಿಯುತ್ತದೆ. ನಾಲ್ಕು ತಂತಿಗೆ 45ರಿಂದ 105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ), ಐದಕ್ಕೆ ಬಿ 130ರದ್ದು. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಇ ಕಡೆ ಸುಮಾರು 2.5 ಮಿ.ಮೀ., ಜಿ ಕಡೆ 2 ಮಿ.ಮೀ. ಇಲ್ಲಿಂದ ಶುರು ಮಾಡಿ, ನಿಮ್ಮ ಬೆರಳಿನ ಬಲ ನೋಡಿ ಏರಿಳಿಸಿ. ಮಳೆಗಾಲದಲ್ಲಿ ಮರ ತೇವ ಕುಡಿದು ನೆಕ್ ಜರುಗುತ್ತದೆ. ಮಂಗಳೂರು, ಶಿವಮೊಗ್ಗ ಕಡೆಯವರಿಗೆ ಜೂನ್‌ನಲ್ಲಿ ಒಮ್ಮೆ, ಚಳಿ ಶುರುವಾದಾಗ ಇನ್ನೊಮ್ಮೆ ವಿಸಿಟಿಂಗ್ ಕಾರ್ಡ್ ಪರೀಕ್ಷೆ ಕಡ್ಡಾಯ. ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ.

5. ಕೇಬಲ್, ಡಿಐ

ಗಿಟಾರ್ ಕೇಬಲ್ ಎರಡು ಇರಲಿ, ತಲಾ ಆರು ಮೀಟರ್ ಮೀರದಂತೆ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸ್‌ಗೆ ಕೇಬಲ್ ಉದ್ದವಾದಷ್ಟೂ ಮೇಲಿನ ದನಿ ಮಂಕಾಗುತ್ತದೆ. ಪ್ಲಗ್ ಬಿಚ್ಚಿ ಬೆಸುಗೆ ಹಾಕುವಂಥದ್ದನ್ನೇ ಕೊಳ್ಳಿ. ಅಚ್ಚಿನಲ್ಲಿ ಎರಕ ಹೊಯ್ದದ್ದು ಒಮ್ಮೆ ಹೋದರೆ ಕಸಕ್ಕೇ. ಬೆಂಗಳೂರಿನವರಿಗೆ ಎಸ್.ಪಿ. ರೋಡ್‌ನಲ್ಲಿ ಪ್ಲಗ್, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮೂರೂ ಒಂದೇ ಓಡಾಟದಲ್ಲಿ ಸಿಗುತ್ತವೆ. ಮಲ್ಟಿಮೀಟರ್ ಯಾಕೆ ಎಂಬುದು ಕೊನೆಯಲ್ಲಿದೆ.

ಡಿಐ ಬಾಕ್ಸ್ ನಿಮ್ಮ ಸಿಗ್ನಲ್ಲನ್ನು ಉದ್ದದ ಮೈಕ್ ಕೇಬಲ್‌ನಲ್ಲಿ ಗದ್ದಲ ಸೇರದಂತೆ ಮಿಕ್ಸರ್‌ಗೆ ಮುಟ್ಟಿಸುತ್ತದೆ. ಪ್ಯಾಸಿವ್ ಬೇಸ್‌ಗೆ ಆ್ಯಕ್ಟಿವ್ ಡಿಐ, ಆ್ಯಕ್ಟಿವ್ ಬೇಸ್‌ಗೆ ಪ್ಯಾಸಿವ್ ಡಿಐ ಎಂದು ನೆನಪಿಟ್ಟುಕೊಂಡರೆ ತಪ್ಪಾಗುವುದಿಲ್ಲ. ಆ್ಯಕ್ಟಿವ್ ಡಿಐಗೆ ಬ್ಯಾಟರಿ ಅಥವಾ ಮಿಕ್ಸರ್‌ನಿಂದ ಬರುವ 48 ವೋಲ್ಟ್ ಫ್ಯಾಂಟಮ್ ಬೇಕು. ಸೌಂಡ್‌ನವರಿಗೆ ಮೊದಲೇ ಹೇಳಿ. ಟೆಕ್ 21 ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಎಂಎಕ್ಸ್‌ಆರ್ ಎಂ80 ಇಂಥವು ಪ್ರೀಆಂಪ್ (ದನಿ ಹದ ಮಾಡುವ ಭಾಗ) ಮತ್ತು ಡಿಐ ಎರಡೂ ಆಗಿರುವುದರಿಂದ ಆಂಪ್ ಇಲ್ಲದೆಯೂ ಕಾರ್ಯಕ್ರಮ ನಡೆಸಬಹುದು. ಬೆಹ್ರಿಂಜರ್ ಬಿಡಿಐ21 ಪ್ಲಾಸ್ಟಿಕ್ ಡಬ್ಬಿ, ಒದ್ದರೆ ಒಡೆಯುತ್ತದೆ, ಆದರೆ ಶುರುವಿಗೆ ಅದೂ ಸಾಕು.

6. ಆಂಪ್

ಕೆಳಗಿನ ಸ್ವರಗಳಿಗೆ ನಮ್ಮ ಕಿವಿ ಮಂದ. ಅದಕ್ಕೇ ಗಿಟಾರಿಸ್ಟ್‌ನ 30 ವ್ಯಾಟ್ ಆಂಪ್ ಕಿರುಚುವ ಕಡೆ ಬೇಸ್‌ಗೆ 300 ವ್ಯಾಟ್ ಬೇಕಾಗುತ್ತದೆ. ಮನೆಗೆ 20ರಿಂದ 40 ವ್ಯಾಟ್ ಸಾಕು. ಡ್ರಮ್ಸ್ ಜೊತೆ 300 ಇರಬೇಕು. ಅದರಾಚೆ 500ಕ್ಕೆ ಹಾರಿದರೆ ಹೆಚ್ಚುವುದು ಸುಮಾರು 2 ಡೆಸಿಬೆಲ್, ಕಿವಿಗೆ ಅಷ್ಟೇನೂ ಗೊತ್ತಾಗದು. ಎರಡನೇ ಕ್ಯಾಬಿನೆಟ್ ಸೇರಿಸಿದರೆ ಮಾತ್ರ ವ್ಯತ್ಯಾಸ ಎದೆಗೆ ತಟ್ಟುತ್ತದೆ.

ಹಾಗಾಗಿ ಎರಡು ಮೂರು ಕಿಲೋ ತೂಕದ ಕ್ಲಾಸ್ ಡಿ ಹೆಡ್ (ಸ್ಪೀಕರ್ ಇಲ್ಲದ ಹಗುರ ಆಂಪ್) ಒಂದು, 12 ಇಂಚಿನ ಒಂದು ಸ್ಪೀಕರ್ ಇರುವ 8 ಓಮ್ ಕ್ಯಾಬಿನೆಟ್ ಒಂದು ಕೊಳ್ಳಿ. ಆಟೋದಲ್ಲಿ ಕಾಲ ಹತ್ತಿರ ಕೂರುತ್ತದೆ. ಮುಂದೆ ದುಡ್ಡಾದಾಗ ಅಂಥದ್ದೇ ಇನ್ನೊಂದು ಕ್ಯಾಬಿನೆಟ್. ಎರಡು 8 ಓಮ್ ಸೇರಿದರೆ 4 ಓಮ್, ಹೆಡ್ ತನ್ನ ಪೂರ್ತಿ ಬಲ ಕೊಡುವುದು ಆಗ. ಎರಡು 4 ಓಮ್ ಸೇರಿಸಿದರೆ 2 ಓಮ್ ಆಗುತ್ತದೆ. ಹೆಡ್‌ನ ಹಿಂದೆ ‘ಕನಿಷ್ಠ 4 ಓಮ್’ ಎಂದಿದ್ದರೆ ಅದು ಬಿಸಿಯಾಗಿ ನಿಂತುಹೋಗುತ್ತದೆ ಅಥವಾ ಸುಟ್ಟೇಹೋಗುತ್ತದೆ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಎಂದಿಗೂ ಹಾಕಬೇಡಿ. ಅದರ ಒಳತಂತಿ ಕೂದಲೆಳೆಯಷ್ಟು, ಆ ಕರೆಂಟ್ ತಡೆಯುವುದಿಲ್ಲ. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಕೇಬಲ್ಲೇ ಬೇಕು.

ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ ಆದರೆ ಹಿಂದಿನ ಸ್ಟಿಕ್ಕರ್ ಓದುವವರೆಗೆ ಪ್ಲಗ್ ಹಾಕಬೇಡಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ದನಿ ಹೊಂದಿಸುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್, ಟ್ರೆಬಲ್ ಏರಿಸಿ ಮಿಡ್ (ನಡುವಿನ ದನಿ) ಇಳಿಸಿದರೆ ಬಲು ಇಂಪು. ವೇದಿಕೆಯಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ನೀವು ಮಾಯ. ಕೆಳಗೆ ಕಿಕ್ ಡ್ರಮ್, ಆಕ್ಟೋಪ್ಯಾಡ್, ತಬಲಾದ ಡಗ್ಗ, ಜೊತೆಗೆ ಕೀಬೋರ್ಡ್‌ನವರ ಎಡಗೈ; ಮೇಲೆ ಸಿಂಬಲ್. ನಿಮ್ಮ ಸ್ವರ ಯಾವುದೆಂದು ಗೊತ್ತಾಗುವುದು 700–800 ಹರ್ಟ್ಸ್ ಆಸುಪಾಸಿನಲ್ಲಿ. ಅದನ್ನು ಸ್ವಲ್ಪ ಏರಿಸಿ. ಡಬ್ಬಿಯೊಳಗಿಂದ ಬಂದಂತೆ ಕೇಳಿದರೆ 250ರ ಹತ್ತಿರ ಇಳಿಸಿ. ಕ್ಯಾಬಿನೆಟ್ಟನ್ನು ಮೂಲೆಗೆ ತಳ್ಳಬೇಡಿ, ಗುಂಯ್ಗುಡುತ್ತದೆ. ಒಂದು ಗಟ್ಟಿ ಕುರ್ಚಿಯ ಮೇಲಿಟ್ಟರೆ ಮೊಣಕಾಲಿನ ಬದಲು ಕಿವಿಗೆ ಕೇಳುತ್ತದೆ, ವಾಲ್ಯೂಮ್ ತಾನೇ ಇಳಿಯುತ್ತದೆ.

7. ಪೆಡಲ್‌ಗಳು

ಟ್ಯೂನರ್ ಪೆಡಲ್ ಮೊದಲನೆಯದು. ಶ್ರುತಿ ನೋಡುವಾಗ ದನಿ ಮುಚ್ಚುವುದರಿಂದ ಗಿಟಾರ್ ಬದಲಿಸುವಾಗಲೂ ಅದೇ ಸ್ವಿಚ್ಚು. ನಂತರ ಜೋರು ದನಿಯನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್: ಅನುಪಾತ 4ಕ್ಕೆ 1, ಜೋರಾಗಿ ಮೀಟಿದಾಗ 3ರಿಂದ 6 ಡೆಸಿಬೆಲ್ ತಗ್ಗುವಷ್ಟು. ಇದಕ್ಕಿಂತ ಹಿಂಡಿದರೆ ಬೆರಳಿನ ಜೀವವೇ ಹೋಗುತ್ತದೆ. ದನಿಗೆ ಒರಟು ಸೇರಿಸುವ ಓವರ್‌ಡ್ರೈವ್ ಕೊಳ್ಳುವಾಗ ‘ಬ್ಲೆಂಡ್’ ನಾಬ್ ಇದೆಯೇ ನೋಡಿ. ಗಿಟಾರಿಸ್ಟ್‌ಗಳ ಡಿಸ್ಟಾರ್ಷನ್ ಪೆಡಲ್‌ಗಳು ಸಾಮಾನ್ಯವಾಗಿ ಕೆಳಗಿನ ದನಿಯನ್ನು ಕತ್ತರಿಸುತ್ತವೆ; ಬ್ಲೆಂಡ್ ಇದ್ದರೆ ಶುದ್ಧ ದನಿ ಕೆಳಗೆ ಉಳಿದು ಮೇಲೆ ಒರಟು ಸೇರುತ್ತದೆ. ಪೆಡಲ್‌ಗಳನ್ನು ಸಾಲಾಗಿ ಜೋಡಿಸುವಾಗ, ಸ್ವರವನ್ನು ಒಂದು ಸ್ಥಾಯಿ ಇಳಿಸುವ ಆಕ್ಟೇವ್ ಪೆಡಲ್ ಟ್ಯೂನರ್ ಆದ ಕೂಡಲೇ ಬರಲಿ, ಸ್ವಚ್ಛ ಸಿಗ್ನಲ್ ಸಿಕ್ಕರೇ ಅದು ತಡವರಿಸದು. ಇ ತಂತಿಯ ಮೇಲೆ ಅದನ್ನು ಬಳಸಬೇಡಿ: 41ರ ಅರ್ಧ 20 ಹರ್ಟ್ಸ್, ಸಾಮಾನ್ಯ ಮೈಕ್‌ಸೆಟ್‌ಗಳಿಗೆ ಅದನ್ನು ನುಡಿಸಲಾಗದು, ಸ್ಪೀಕರ್ ಕೋನ್ ಸುಮ್ಮನೆ ಒದ್ದಾಡುತ್ತದೆ. ಎಲ್ಲದರ ಕೊನೆಗೆ ಪ್ರೀಆಂಪ್ ಡಿಐ.

ಬಹುಪಾಲು ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ಪ್ಲಗ್‌ನ ಮಧ್ಯೆ ಮೈನಸ್, ಹೊರಗೆ ಪ್ಲಸ್. ಎಲೆಕ್ಟ್ರಿಕಲ್ ಅಂಗಡಿಯ ರೂಟರ್ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದು, ಮಧ್ಯೆ ಪ್ಲಸ್ ಇರುತ್ತದೆ. ಅದೇ ಪಿನ್ ಅಂತ ಚುಚ್ಚಿದರೆ ಪೆಡಲ್ ಹೋಯಿತು. ಒಂದೇ ಅಡಾಪ್ಟರ್‌ನಿಂದ ಸರಪಳಿಯಂತೆ ಡಿಜಿಟಲ್ ಪೆಡಲ್‌ಗಳಿಗೂ ಕರೆಂಟ್ ಕೊಟ್ಟಾಗ ಸೊಳ್ಳೆಯಂಥ ಕೀರಲು ದನಿ ಬಂದರೆ, ಪ್ರತಿ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಸಪ್ಲೈ ಒಂದೇ ಸರಿಯಾದ ಪರಿಹಾರ.

8. ನುಡಿಸುವ ಮುಂಚೆ

ಹಮ್ ಬಂದರೆ ಡಿಐ ಮೇಲಿನ ‘ಗ್ರೌಂಡ್ ಲಿಫ್ಟ್’ ಒತ್ತಿ. ಅದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಅಪಾಯವಿಲ್ಲ. ಹಮ್ ಹೋಗಲಿ ಅಂತ ಆಂಪ್ ಪ್ಲಗ್‌ನ ದಪ್ಪ ಅರ್ಥ್ ಪಿನ್ ಕಿತ್ತುಹಾಕುವವರನ್ನು ತಡೆಯಿರಿ. ಅದು ಜೀವದ ಪ್ರಶ್ನೆ. ನಿಮ್ಮ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿವೆ. ಆ ಅರ್ಥ್ ಇಲ್ಲದೆ ಆಂಪ್‌ನ ಒಳಗೆ ಕರೆಂಟ್ ಸೋರಿದರೆ, ನೀವು ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದ ಕೂಡಲೇ ಅದು ಎದೆಯ ಮೂಲಕ ಹರಿಯುತ್ತದೆ. ಮಳೆಯಲ್ಲಿ ನೆನೆದ ಹಲಗೆ, ಅರ್ಥಿಂಗ್ ಕಡ್ಡಿ ಹುಗಿಯದ ಜನರೇಟರ್, ಎರಡೇ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಇರುವ ಕಡೆ ಇದನ್ನು ಪ್ರತಿ ಸಲವೂ ಪರೀಕ್ಷಿಸಬೇಕು.

ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ನ ದೊಡ್ಡ ರೇಂಜ್‌ಗೆ ತಿರುಗಿಸಿ. ಆಂಪ್, ಮಿಕ್ಸರ್ ಎರಡೂ ಆನ್ ಇರಲಿ, ಬೇಸ್ ಆಂಪ್‌ಗೆ ಕೇಬಲ್ ಹಾಕಿಕೊಂಡೇ ಸ್ಟ್ಯಾಂಡ್‌ನಲ್ಲಿರಲಿ. ಪ್ರೋಬ್‌ಗಳ ಪ್ಲಾಸ್ಟಿಕ್ ಹಿಡಿ ಮಾತ್ರ ಹಿಡಿದು ಒಂದನ್ನು ಬ್ರಿಡ್ಜ್‌ಗೆ, ಇನ್ನೊಂದನ್ನು ಮೈಕ್‌ನ ಜಾಲರಿಗೆ ಮುಟ್ಟಿಸಿ. ಒಂದೆರಡು ವೋಲ್ಟ್ ಒಳಗಿದ್ದರೆ ನುಡಿಸಿ. ಹತ್ತಾರು ವೋಲ್ಟ್ ತೋರಿಸಿದರೆ ಆಂಪ್ ಆಫ್ ಮಾಡಿ ಸೌಂಡ್‌ನವರನ್ನು ಕರೆಯಿರಿ: ಆಂಪ್ ಮತ್ತು ಮಿಕ್ಸರ್ ಒಂದೇ ಫೇಸ್‌ನಿಂದ, ಅರ್ಥ್ ಇರುವ ಒಂದೇ ಬೋರ್ಡಿನಿಂದ ಬರಲಿ. ಬದಲಿಸಿದ ಮೇಲೆ ಮತ್ತೆ ಅಳೆಯಿರಿ. ಮುಳ್ಳು ಇಳಿಯುವವರೆಗೆ ಗಾಯಕರನ್ನೂ ಮೈಕ್ ಮುಟ್ಟಲು ಬಿಡಬೇಡಿ.