ಕೆಂಪು ಜಾಕೆಟ್ ಹಾಕಿದವರಿಗೆ ಶೂಟಿಂಗ್ ಇಲ್ಲ

ಬೆಳಗಾವಿಯಲ್ಲಿ ಬಂದೂಕು ಅಂದರೆ ಜನರಿಗೆ ಮೊದಲು ಮಿಲಿಟರಿಯೇ ನೆನಪಾಗುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು, ಸಹಜ. ಹಾಗಾಗಿ ನಾನು ಏರ್ ಪಿಸ್ತೂಲ್ ಶೂಟಿಂಗ್ ಮಾಡುತ್ತೇನೆ ಅಂದ ತಕ್ಷಣ "ಆರ್ಮಿ ಒಳಗ ಇದ್ರೇನ್ರಿ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ. ನಾನು ಲೆಕ್ಕಪತ್ರ ಬರೆದು ಹೊಟ್ಟೆ ಹೊರೆಯುವವನು. ಭಾನುವಾರ ಬೆಳಿಗ್ಗೆ ಮಾತ್ರ ಪಿಸ್ತೂಲ್ ಹಿಡಿಯುತ್ತೇನೆ.

ನಾನು ಹೋಗುವ ರೇಂಜ್ ಅಂದರೆ ಒಂದು ಉದ್ದನೆಯ ಹಾಲ್. ಫೀ ಕಟ್ಟಿದರೆ ಯಾರು ಬೇಕಾದರೂ ಬರಬಹುದು. ನಳಿಗೆಯ ಒಳಗಿನ ಅಗಲ 4.5 ಮಿಲಿಮೀಟರ್, ಗುಂಡಿನ ಶಕ್ತಿ 20 ಜೂಲ್ ಒಳಗಿರುವ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲವಲ್ಲ, ಹಾಗಾಗಿ ಎಲ್ಲ ಥರದವರೂ ಬರುತ್ತಾರೆ. ಕಾಲೇಜು ಹುಡುಗರು, ಡಾಕ್ಟರು, ಅಪ್ಪನ ಕೈ ಹಿಡಿದು ಬರುವ ಮಕ್ಕಳು. ಹತ್ತು ಮೀಟರ್ ಆಚೆ ಪೇಪರ್ ಟಾರ್ಗೆಟ್. ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ನಡುವಿನ ವೃತ್ತ 11.5 ಮಿಲಿಮೀಟರ್. ರೈಫಲ್‌ನವರಿಗೆ ಅದೂ ಇಲ್ಲ, ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಇಷ್ಟು ಸಣ್ಣದನ್ನು ಹುಡುಕಿಕೊಂಡು ನಿಂತವರ ಕಿವಿಯ ಪಕ್ಕ ಯಾರಾದರೂ ಮಾತಾಡಿದರೆ ಹೇಗಿರುತ್ತದೆ ಹೇಳಿ.

ಮಾತಾಡುವವರು ಇದ್ದೇ ಇದ್ದರು. ಹೆಸರು ಬೇಡ, ಸಾಹೇಬರು ಅನ್ನೋಣ. ರಿಟೈರ್ ಆದವರು, ಒಳ್ಳೆಯ ಶೂಟರ್, ದಿನವೂ ಬರುವವರು. ಅವರಿಗೆ ಯಾರೂ ಯಾವ ಜವಾಬ್ದಾರಿಯನ್ನೂ ಕೊಟ್ಟಿರಲಿಲ್ಲ. ಆದರೂ ಅವರು ಬಂದರೆ ರೇಂಜ್ ಅವರದೇ. "ಏ ತಮ್ಮಾ, ಕಾಲು ಅಗಲ ಮಾಡು." "ಈ ಚಪ್ಪಲಿ ಹಾಕ್ಕೊಂಡು ಯಾಕ ಬಂದಿ?" "ಹಿಂಗ ಹಿಡಿಯೂದಲ್ಲ, ಕೊಡಿಲ್ಲೆ." ಅಂದವರೇ ಪಿಸ್ತೂಲನ್ನು ಕೈಯಿಂದ ಇಸಿದುಕೊಂಡೂ ಬಿಡುತ್ತಿದ್ದರು.

ಅವರು ಹೇಳುತ್ತಿದ್ದುದರಲ್ಲಿ ಅರ್ಧ ಸರಿಯೇ ಇತ್ತು. ತೊಂದರೆ ಇರುವುದೂ ಅಲ್ಲೇ. ಪೂರ್ತಿ ತಪ್ಪು ಹೇಳುವವರನ್ನು ಜನ ಒಂದು ವಾರದಲ್ಲಿ ಬಿಟ್ಟುಬಿಡುತ್ತಾರೆ. ಅರ್ಧ ಸರಿ ಹೇಳುವವರನ್ನು ಎದುರಿಸುವುದು ಕಷ್ಟ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು ಅನ್ನುವುದನ್ನೂ ಟೋಪಿ ಹಾಕಿಕೊಂಡು ಶೂಟ್ ಮಾಡಬಾರದು ಅನ್ನುವುದನ್ನೂ ಅವರು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಮೊದಲನೆಯದು ಜೀವದ ಪ್ರಶ್ನೆ. ಎರಡನೆಯದು ಸುಮ್ನೆ ಅವರ ಇಷ್ಟ. ಹೊಸಬರಿಗೆ ಎರಡರ ನಡುವಿನ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅವರಿವರ ಚಪ್ಪಲಿ ನೋಡುತ್ತಿದ್ದ ಸಾಹೇಬರು ಒಬ್ಬರ ಏರ್ ಸಿಲಿಂಡರನ್ನೂ ನೋಡಿದವರಲ್ಲ. ಪಿಸ್ತೂಲಿನ ಕೆಳಗೆ ಇರುತ್ತದಲ್ಲ, 200 ಬಾರ್ ಒತ್ತಡದ ಗಾಳಿ ತುಂಬಿದ ಕೊಳವೆ, ಅದಕ್ಕೆ ತಯಾರಾದ ದಿನದಿಂದ ಸಾಮಾನ್ಯವಾಗಿ ಹತ್ತು ವರ್ಷವಷ್ಟೇ ಆಯುಷ್ಯ. ತಾರೀಖು ಅದರ ಮೇಲೇ ಕೊರೆದಿರುತ್ತದೆ. ಸೆಕೆಂಡ್‌ಹ್ಯಾಂಡ್ ಪಿಸ್ತೂಲ್ ಕೊಂಡವರು ಮೊದಲು ನೋಡಬೇಕಾದ್ದು ಅದನ್ನೇ.

ಒಂದು ಸಲ ಹುಡುಗರಿಬ್ಬರು ತಮ್ಮ ತಮ್ಮಲ್ಲೇ ಪಂದ್ಯ ಇಟ್ಟುಕೊಂಡಿದ್ದರು. ಒಂದು ಗುಂಡು ಒಂಬತ್ತರ ಗೆರೆಗೆ ತಾಗಿದೆಯೋ ಇಲ್ಲವೋ ಅಂತ ಜಗಳ. ಗೆರೆಗೆ ಒಂಚೂರು ತಾಗಿದ್ದರೂ ಹೆಚ್ಚಿನ ಅಂಕ ಸಿಗುತ್ತದೆ. ಅನುಮಾನ ಇದ್ದರೆ ಗೇಜ್ ಅನ್ನೋ ಸಣ್ಣ ಅಳತೆಯ ಕಡ್ಡಿಯನ್ನು ತೂತಿಗೆ ಹಾಕಿ ನೋಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಜ್ಯೂರಿಯವರು ಮಾತ್ರ ಹಾಕಬಹುದು, ಅದೂ ಒಂದೇ ಸಲ. ಯಾಕೆಂದರೆ ಪ್ರತಿ ಸಲ ಹಾಕಿದಾಗಲೂ ತೂತು ಹಿಗ್ಗುತ್ತದೆ. ಅದು ಜುಲೈ ತಿಂಗಳು. ಬೆಳಗಾವಿ ಮಳೆಯಲ್ಲಿ ಟಾರ್ಗೆಟ್ ಪೇಪರ್ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿರುತ್ತದೆ, ತೂತಿನ ಅಂಚೇ ಸರಿಯಾಗಿ ಕತ್ತರಿಸಿರುವುದಿಲ್ಲ. ಸಾಹೇಬರು ಬಂದರು, ಕಿಸೆಯಿಂದ ಬಾಲ್‌ಪೆನ್ ತೆಗೆದರು, ತೂತಿಗೆ ತುರುಕಿ ತಿರುಗಿಸಿದರು. "ಒಂಬತ್ತು!" ಈಗ ಅದು ಒಂಬತ್ತೇ. ಮೊದಲು ಎಂಟೂ ಆಗಿದ್ದಿರಬಹುದು, ಈಗ ತೂತು ಹತ್ತಿರ ಹತ್ತಿರ ಕಿಟಕಿಯೇ ಆಗಿತ್ತು. ಹುಡುಗರು ನಕ್ಕು ಹೊಸ ಪೇಪರ್ ಹಾಕಿಕೊಂಡರು.

ನಗಲಾಗದ ಘಟನೆ ನಡೆದದ್ದು ಆಮೇಲೆ.

ನಮ್ಮಲ್ಲಿ ಟಾರ್ಗೆಟ್ ತಂತಿಯ ಮೇಲೆ ಓಡಾಡುತ್ತದೆ. ಸ್ವಿಚ್ ಒತ್ತಿದರೆ ಹೋಗುತ್ತದೆ, ಒತ್ತಿದರೆ ಬರುತ್ತದೆ. ಆಗಾಗ ನಡುವೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಅವತ್ತು ಮೂರನೇ ಲೇನಿನದು ಅರ್ಧ ದಾರಿಯಲ್ಲಿ ನಿಂತಿತು. ಅದನ್ನು ಬಿಡಿಸುವುದಕ್ಕೆ ಯಾರಾದರೂ ಮುಂದೆ ಹೋಗಲೇಬೇಕು. ಹೋಗುವ ಮೊದಲು ಎಲ್ಲರೂ ನಿಲ್ಲಿಸಬೇಕು, ಖಾಲಿ ಮಾಡಬೇಕು, ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್ (ಖಾಲಿ ಇದೆ ಅಂತ ತೋರಿಸುವ ಬಣ್ಣದ ದಾರ) ಹಾಕಬೇಕು, ಪಿಸ್ತೂಲ್ ಟೇಬಲ್ ಮೇಲಿಟ್ಟು ಹಿಂದೆ ಸರಿಯಬೇಕು. ಸಾಹೇಬರು "ಯಾರೂ ಹೊಡೀಬ್ಯಾಡ್ರಿ, ನಾ ಹೊಂಟೀನಿ" ಅಂತ ತಮ್ಮಷ್ಟಕ್ಕೆ ಅಂದುಕೊಂಡ ಹಾಗೆ ಹೇಳಿ ನಡೆದೇಬಿಟ್ಟರು. ಆ ಕಡೆ ತುದಿಯ ಲೇನಿನಲ್ಲಿ ಒಬ್ಬ ಹುಡುಗಿ, ಕಿವಿಗೆ ಪ್ಲಗ್ ಹಾಕಿಕೊಂಡಿದ್ದಳು. ಕೈ ಮೇಲೆತ್ತಿ ಪಿಸ್ತೂಲನ್ನು ನಿಧಾನಕ್ಕೆ ಟಾರ್ಗೆಟ್ ಮಟ್ಟಕ್ಕೆ ಇಳಿಸುತ್ತಿದ್ದಳು. ಆ ಹೊತ್ತಿನಲ್ಲಿ ಶೂಟರ್‌ಗೆ ನಳಿಗೆ ತುದಿಯ ಸೈಟ್, ಅಂದರೆ ಗುರಿ ಹಿಡಿಯುವ ಕಡ್ಡಿ, ಬಿಟ್ಟು ಬೇರೇನೂ ಕಾಣುವುದಿಲ್ಲ.

ನಾನು "ಸ್ಟಾಪ್" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಪ್ಲಗ್ ದಾಟಿ ಕೇಳಿಸಿತು. ಅವಳು ಪಿಸ್ತೂಲ್ ಇಳಿಸಿ ಟೇಬಲ್ ಕಡೆ ಬಗ್ಗಿಸಿದಳು, ಗುಂಡು ತುಂಬುವ ಲಿವರ್ ತೆರೆದಳು, ಎಡಗೈ ಮೇಲೆತ್ತಿದಳು. ತೆರೆದ ಲಿವರ್ ಇದ್ದರೆ ಗುಂಡು ಹಾರುವುದಿಲ್ಲ. ಒಳಗೆ ಕೂತ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹಿಂದಕ್ಕೆ ಸುಲಭಕ್ಕೆ ಬರುವುದೂ ಇಲ್ಲ. ಸಾಹೇಬರು ವಾಪಸ್ ಬಂದು ಗೆರೆಯ ಹಿಂದೆ ನಿಲ್ಲುವವರೆಗೂ ಆ ಹುಡುಗಿ ಹಾಗೇ ನಿಂತಿದ್ದಳು. ಆಮೇಲೆ ಕೋಚ್ ಹೇಳಿದ ಮೇಲೆ ಅದನ್ನು ಟಾರ್ಗೆಟ್ ಕಡೆ ಹೊಡೆದು ಖಾಲಿ ಮಾಡಿದಳು. ಅವತ್ತು ಆ ಹಾಲಿನಲ್ಲಿ ಎಲ್ಲರಿಗಿಂತ ಸರಿಯಾಗಿ ನಡೆದುಕೊಂಡವಳು ಅವಳೇ.

ಸಾಹೇಬರಿಗೆ ಸಿಟ್ಟು ಬಂದದ್ದು ಮಾತ್ರ ನನ್ನ ಮೇಲೆ. "ನನಗ ಸ್ಟಾಪ್ ಅಂತೀರೇನ್ರಿ?"

"ನಿಮಗಲ್ರಿ ಸರ, ಎಲ್ಲಾರಿಗೂ."

ರೇಂಜಿನಲ್ಲಿ ಎಲ್ಲರಿಗೂ ಇರುವ ಅಧಿಕಾರ ಇದೊಂದೇ. ಅಪಾಯ ಕಂಡವರು, ನಿನ್ನೆ ಸೇರಿದ ಹನ್ನೆರಡು ವರ್ಷದ ಹುಡುಗನೇ ಆಗಲಿ, ಸ್ಟಾಪ್ ಅನ್ನಬಹುದು. ಎಲ್ಲರೂ ಕೇಳಬೇಕು. ಕಾರಣವನ್ನು ಆಮೇಲೆ ವಿಚಾರಿಸಿದರಾಯಿತು. ಮತ್ತೆ ಶುರು ಮಾಡಿ ಅನ್ನುವುದಕ್ಕೆ ಮಾತ್ರ ಡ್ಯೂಟಿಯಲ್ಲಿರುವ ಒಬ್ಬರೇ. ನಿಮ್ಮ ಮೊಣಕೈ, ಕಾಲು, ಟೋಪಿ, ಉಸಿರು, ಇವುಗಳ ಬಗ್ಗೆ ನೀವು ಕೇಳದೆ ಯಾರೂ ಏನೂ ಹೇಳುವ ಹಾಗಿಲ್ಲ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಗೆರೆಯ ಮೇಲೆ ನಿಂತ ಶೂಟರ್ ಜೊತೆ ಅವರ ಸ್ವಂತ ಕೋಚ್ ಕೂಡ ಮಾತಾಡುವಂತಿಲ್ಲ. ಅಲ್ಲಿ ಇಲ್ಲದ ಹಕ್ಕು ನಮ್ಮ ಮೂರನೇ ಲೇನಿನಲ್ಲಿ ಎಲ್ಲಿಂದ ಬಂತು?

ಇದನ್ನೇ ಕೋಚ್ ಹತ್ತಿರ ಹೇಳಿದೆ. ಅವರು ಸಣ್ಣಗೆ ನಕ್ಕು, "ಹಂಗಾದ್ರ ಭಾನುವಾರ ನೀವ ನೋಡ್ಕೋರಿ" ಅಂದರು. ದೂರು ಹೇಳಲು ಹೋದವರ ಹೆಗಲಿಗೇ ಕೆಲಸ ಬೀಳುವುದು ನಮ್ಮ ಕಡೆ ಇದ್ದದ್ದೇ.

ನಾನು ಮೊದಲು ಮಾಡಿದ್ದು ಒಂದು ಕೆಂಪು ಜಾಕೆಟ್ ತಂದದ್ದು. ರಸ್ತೆ ಕೆಲಸದವರು ಹಾಕುತ್ತಾರಲ್ಲ, ತೋಳಿಲ್ಲದ್ದು, ಅಂಥದ್ದು. ಅದನ್ನು ಹಾಕಿದವರು ಆ ಹೊತ್ತಿನ ರೇಂಜ್ ಆಫೀಸರ್. ಬಾಗಿಲ ಹತ್ತಿರದ ಬೋರ್ಡಿನಲ್ಲೂ ಅವರ ಹೆಸರು. ಜೊತೆಗೆ ಒಂದು ಷರತ್ತು: ಜಾಕೆಟ್ ಮೈಮೇಲೆ ಇರುವಷ್ಟು ಹೊತ್ತು ಶೂಟ್ ಮಾಡುವಂತಿಲ್ಲ. ಇದು ನಾನು ಕಂಡುಹಿಡಿದದ್ದೇನಲ್ಲ, ಗುರಿ ನೋಡುತ್ತಿರುವವನಿಗೆ ಪಕ್ಕದವರು ಕಾಣುವುದಿಲ್ಲ ಅನ್ನೋ ಸರಳ ಕಾರಣ. ಆದರೆ ಇದರಿಂದ ಆದ ಲಾಭವೇ ಬೇರೆ. ಉಸ್ತುವಾರಿ ಮಾಡಲು ಆಸೆಪಡುತ್ತಿದ್ದವರಲ್ಲಿ ಮುಕ್ಕಾಲು ಜನಕ್ಕೆ ತಮ್ಮ ಶೂಟಿಂಗ್ ಬಿಟ್ಟು ಉಸ್ತುವಾರಿ ಮಾಡುವ ಆಸೆ ಇರಲಿಲ್ಲ! ಭಾನುವಾರ ಪೂರ್ತಿ ಬೇರೆಯವರ ನಳಿಗೆ ನೋಡುತ್ತಾ ನಿಲ್ಲುವುದು ಬೇಜಾರಿನ ಕೆಲಸ. ಸೊಂಟ ನೋಯುತ್ತದೆ, ಅಷ್ಟೇ ಸಂಪಾದನೆ.

ಎರಡನೆಯದು ಸೇಫ್ಟಿ ಫ್ಲ್ಯಾಗ್. ಪ್ಯಾಕೆಟ್ಟಿನಲ್ಲಿ ಬರುವುದಕ್ಕೆ ಜಾಸ್ತಿ ದುಡ್ಡು. ರವಿವಾರ ಪೇಟೆಯಲ್ಲಿ ಹುಲ್ಲು ಕತ್ತರಿಸೋ ಮಷಿನ್ನಿಗೆ ಹಾಕುವ ಕಿತ್ತಳೆ ಬಣ್ಣದ ನೈಲಾನ್ ದಾರ ಸಿಗುತ್ತದೆ. ಒಂದು ಸುರುಳಿ ತಂದು ಕತ್ತರಿಸಿ ಎಲ್ಲರಿಗೂ ಹಂಚಿದೆ. ನಳಿಗೆಯ ಆ ತುದಿಯಿಂದಲೂ ಈ ತುದಿಯಿಂದಲೂ ಹೊರಗೆ ಕಾಣಬೇಕು, ಅಷ್ಟು ಉದ್ದ. ದಾರ ಕಂಡರೆ ಖಾಲಿ. ದಾರ ಇಲ್ಲದಿದ್ದರೆ ತುಂಬಿದೆ ಅಂತಲೇ ಲೆಕ್ಕ. "ಖಾಲಿ ಐತಿ ರೀ" ಅನ್ನೋ ಮಾತಿಗೆ ಬೆಲೆಯಿಲ್ಲ. ಇದರಿಂದ ಅರ್ಧ ವಾದ ನಿಂತುಹೋಯಿತು. ಒಬ್ಬರನ್ನೊಬ್ಬರು ಬೈಯುವ ಬದಲು ದಾರ ನೋಡಿದರೆ ಸಾಕಲ್ವಾ?

ಹೊಸಬರಿಗೆ ಬಾಗಿಲಲ್ಲೇ ನಾಲ್ಕು ಪದ ಹೇಳಿಕೊಡುತ್ತೇನೆ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ಬೆಂಚಿನಲ್ಲಿ ಕೂರುವ ಊರಿನಲ್ಲಿ ಈ ನಾಲ್ಕಕ್ಕೆ ಯಾರ ತಕರಾರೂ ಇಲ್ಲ. ಸೀಸದ ಪೆಲೆಟ್ ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬಾರದು ಅಂತಲೂ ಹೇಳುತ್ತೇನೆ. ಯಾರದೋ ಹುಟ್ಟುಹಬ್ಬಕ್ಕೆ ಬಂದ ಕುಂದಾ ಡಬ್ಬಿಯನ್ನು ಹೊರಗೇ ಇಡಿಸಿದಾಗ ನಾನೂ ಒಬ್ಬ ಸಾಹೇಬನಾಗಿಬಿಟ್ಟೆ ಅಂತ ಹುಡುಗರು ಆಡಿಕೊಂಡರು. ಆಡಿಕೊಳ್ಳಲಿ. ಕುಂದಾ ಹೊರಗೂ ಅಷ್ಟೇ ರುಚಿ.

ಯಾರಿಗಾದರೂ ಏನಾದರೂ ಹೇಳಲೇಬೇಕಾದಾಗ ನಾನು ಕಾಯುತ್ತೇನೆ. ಅವರು ಹತ್ತು ಗುಂಡಿನ ಸೀರೀಸ್ ಮುಗಿಸಿ, ಪಿಸ್ತೂಲ್ ಇಟ್ಟು, ಹಿಂದೆ ಬಂದು ನೀರು ಕುಡಿಯುವಾಗ ಪಕ್ಕಕ್ಕೆ ಹೋಗಿ ಸಣ್ಣ ದನಿಯಲ್ಲಿ "ಒಂದ್ ಮಾತ್ ಹೇಳ್ಲೇನ್ರಿ?" ಅಂತ ಕೇಳುತ್ತೇನೆ. ಬೇಡ ಅಂದವರು ಇಬ್ಬರು ಮೂವರು ಇದ್ದಾರೆ. ಬೇಡ ಅಂದರೆ ಬೇಡ. ಬೇರೆಯವರ ಪಿಸ್ತೂಲನ್ನಂತೂ ಮುಟ್ಟುವುದೇ ಇಲ್ಲ. ಅದರ ಹಿಡಿಯನ್ನು ಅವರ ಅಂಗೈಗೆ ತಕ್ಕಂತೆ ಅರದಿಂದ ಉಜ್ಜಿ, ಮರದ ಪುಟ್ಟಿ ಮೆತ್ತಿ ಕೂರಿಸಿಕೊಂಡಿರುತ್ತಾರೆ. ಟ್ರಿಗರ್ 500 ಗ್ರಾಂ ಭಾರ ಎತ್ತುವ ಹಾಗೆ ಹೊಂದಿಸಿರುತ್ತಾರೆ. ಒಂದು ಸ್ಕ್ರೂ ತಿರುಗಿದರೂ ಅವರ ವಾರ ಹಾಳು.

ಸಾಹೇಬರಿಗೂ ಜಾಕೆಟ್ ಕೊಟ್ಟೆವು. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಮಾಡಿದರು. ಎಲ್ಲ ಲೇನಿನ ದಾರ ನೋಡಿದರು, ಒಬ್ಬರ ಮೊಣಕೈಯನ್ನೂ ಮುಟ್ಟಲಿಲ್ಲ. ಮುಂದಿನ ಭಾನುವಾರ ಜಾಕೆಟ್ ಚಾಚಿದರೆ, "ಇವತ್ತ ನಾ ಹೊಡೀಬೇಕ್ರಿ" ಅಂತ ತಮ್ಮ ಲೇನಿಗೆ ಹೋದರು. ಈಗಲೂ ಕೆಲವೊಮ್ಮೆ ಬಾಯಿ ತೆರೆಯುತ್ತಾರೆ. ಹುಡುಗರು ಸುಮ್ನೆ ಬೋರ್ಡ್ ಕಡೆ ನೋಡುತ್ತಾರೆ, ಅವರೂ ನಗುತ್ತಾರೆ.

ಈಗಿನ ತಲೆನೋವು ಅಪ್ಪಂದಿರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ಗೆ ಎರಡು ಕಂಚು ಬಂತು. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಗೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಒಂದು. ಅವತ್ತಿನಿಂದ ಮಕ್ಕಳು ಜಾಸ್ತಿ, ಮಕ್ಕಳ ಹಿಂದೆ ನಿಂತು ಪಿಸುಗುಟ್ಟುವ ಅಪ್ಪಂದಿರೂ ಜಾಸ್ತಿ. ಬೆಂಚನ್ನು ಗೋಡೆಯ ತನಕ ಹಿಂದಕ್ಕೆ ಸರಿಸಿ, ಮಾತಾಡುವಂತಿಲ್ಲ, ಕೋಚ್‌ಗೂ ಆ ಹಕ್ಕಿಲ್ಲ ಅಂತ ನಿಯಮ ತೋರಿಸಿದೆ. ಒಬ್ಬ ಅಪ್ಪ ಅದನ್ನು ಮನೆಗೆ ಹೋಗಿ ಪೂರ್ತಿ ಓದಿಕೊಂಡು ಬಂದರು. ಮಾತಿಲ್ಲದೆ ಸನ್ನೆಯಲ್ಲಿ ಹೇಳಿಕೊಡಬಹುದು ಅಂತ ಅದೇ ನಿಯಮದಲ್ಲಿ ಇದೆ. ಈಗ ಅವರು ಬೆಂಚಿನ ಮೇಲೆ ಕೂತು ಮೂಗು ಮುಟ್ಟುತ್ತಾರೆ, ಕಿವಿ ಎಳೆಯುತ್ತಾರೆ, ಎರಡು ಬೆರಳು ತೋರಿಸುತ್ತಾರೆ. ಮಗಳು ತಿರುಗಿ ನೋಡಿ ತಲೆಯಾಡಿಸುತ್ತಾಳೆ. ಜಾಕೆಟ್ ಹಾಕಿಕೊಂಡ ನನಗೆ ಅವರನ್ನು ತಡೆಯುವ ಹಕ್ಕಿಲ್ಲ.