ಖಾಲಿ ಸ್ಟ್ರಿಪ್ ತಂದ್ರೆ ಹತ್ತು ರೂಪಾಯಿ ಕಮ್ಮಿ: ನಮ್ಮ ಟ್ರಸ್ಟ್ ಕ್ಲಿನಿಕ್ ಅನುಭವ

ಬಿಪಿ ಶುಗರ್ ಮಾತ್ರೆ ಮುಗಿಸಿ ಖಾಲಿ ಸ್ಟ್ರಿಪ್ ವಾಪಸ್ ತಂದವ್ರಿಗೆ ಮುಂದಿನ ತಿಂಗಳ ಮಾತ್ರೆ ಹತ್ತು ರೂಪಾಯಿ ಕಮ್ಮಿಗೆ ಕೊಡೋಣ ಅಂತ ಮೀಟಿಂಗಲ್ಲಿ ಹೇಳಿದಾಗ ನಮ್ಮ ಸೀನಿಯರ್ ಡಾಕ್ಟ್ರು "ಏನ್ರೀ, ಕ್ಲಿನಿಕ್ ನಡೆಸ್ತಿದೀರೋ ಗುಜರಿ ಅಂಗಡಿನೋ" ಅಂದ್ರು, ಎಲ್ಲರೂ ನಕ್ರು. ಈಗ ಅವರೇ ಬೇರೆ ಟ್ರಸ್ಟುಗಳಿಗೆ ಹೋಗಿ ಇದನ್ನ ಹೇಳ್ಕೊಂಡು ಬರ್ತಾರಂತೆ. ಹೇಳ್ಲಿ, ಒಳ್ಳೇದೇ. ಆದ್ರೆ ಶುರು ಮಾಡಿದ್ದು ಫಾರ್ಮಸಿ ಕೌಂಟರಲ್ಲಿ ಕೂತ್ಕೊಳೋ ನಾನು ಅಂತ ಒಂದ್ ಕಡೆ ಬರೆದಿಟ್ಟಿರ್ತೀನಿ.

ನಮ್ದು ಬೆಂಗಳೂರಿನ ಪೀಣ್ಯ ಸೈಡು. ಗಾರ್ಮೆಂಟ್ಸ್ ಹೆಂಗಸ್ರು, ರಾಯಚೂರು ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವ್ರು, ಒಡಿಶಾ ಬಿಹಾರದ ಮೆಷಿನ್ ಶಾಪ್ ಜನ, ಜೊತೆಗೆ ಇಲ್ಲೇ ಎಷ್ಟೋ ವರ್ಷದಿಂದ ಇರೋ ಉರ್ದು, ತಮಿಳು, ತೆಲುಗು ಮನೆಗಳು. ಬಿಪಿ ಶುಗರ್ ಪೇಷಂಟ್ ಕತೆ ನಿಮಗೆ ಗೊತ್ತಿರೋದೇ, ಮೊದಲ ತಿಂಗಳು ಬರ್ತಾರೆ, ಎರಡನೇ ತಿಂಗಳು ಅರ್ಧ ಜನ, ಮೂರಕ್ಕೆ ನೂರರಲ್ಲಿ ಮೂವತ್ತು ಉಳಿದ್ರೆ ದೊಡ್ಡದು. ತಲೆಸುತ್ತು ಹೋಯ್ತು ಅಂದ್ರೆ ಕಾಯಿಲೆನೂ ಹೋಯ್ತು ಅಂತ ಲೆಕ್ಕ.

ಮೊದಲು ಮಾತ್ರೆ ಫುಲ್ ಫ್ರೀ ಕೊಟ್ವಿ. ತಗೊಂಡ್ ಹೋದವ್ರ ಮನೆಗೆ ನಮ್ಮ ಹೆಲ್ತ್ ವರ್ಕರ್ ಹೋಗಿ ನೋಡಿದ್ರೆ ಟಿವಿ ಮೇಲೆ, ಅಕ್ಕಿ ಡಬ್ಬದಲ್ಲಿ, ಎಲ್ಲಿ ನೋಡಿದ್ರೂ ಒಡೆಯದ ಸ್ಟ್ರಿಪ್ಪು. ಆಮೇಲೆ ಎಸ್ಸೆಮ್ಮೆಸ್ ಕಳಿಸೋ ಕಂಪನಿಗೆ ವರ್ಷಕ್ಕೆ ಹದಿನೈದು ಸಾವಿರ ಹತ್ರ ಕಟ್ಟಿದ್ವಿ, ಅರ್ಧ ನಂಬರ್ ಬಂದ್, ಇನ್ನರ್ಧ ಗಂಡನ ಫೋನು, ಒರಿಯಾ ಮನುಷ್ಯನಿಗೆ ಕನ್ನಡದಲ್ಲಿ ಮೆಸೇಜ್ ಹೋಗೋದು. ಭಾನುವಾರದ ಕ್ಯಾಂಪಂತೂ ಕೇಳ್ಬೇಡಿ, ಶಾಮಿಯಾನ ಬ್ಯಾನರ್ ಊಟ ಸೇರಿ ಒಂದಕ್ಕೆ ಮೂವತ್ತೈದು ನಲವತ್ತು ಸಾವಿರ, ಮುನ್ನೂರು ಜನ ಬಿಪಿ ನೋಡಿಸ್ಕೊಂಡು ಹೋಗ್ತಾರೆ, ಮುಂದಿನ ತಿಂಗಳು ಕ್ಲಿನಿಕ್ಕಿಗೆ ಬಂದೋರು ಹದಿನೈದಿಪ್ಪತ್ತು. ಆದ್ರೆ ಸಿಎಸ್ಆರ್ ನವರಿಗೆ, ಅಂದ್ರೆ ಸಮಾಜಸೇವೆ ಲೆಕ್ಕದಲ್ಲಿ ದುಡ್ಡು ಕೊಡೋ ಕಂಪನಿಗಳಿಗೆ, ಅದೇ ಇಷ್ಟ, ಯಾಕಂದ್ರೆ ಕ್ಯಾಂಪಲ್ಲಿ ಮುನ್ನೂರು ಜನಕ್ಕೆ ಮುನ್ನೂರು ಹೆಸರು ಸಿಗುತ್ತೆ, ಅದೇ ನೂರು ಜನ ವರ್ಷಪೂರ್ತಿ ತಪ್ಪದೆ ಬಂದ್ರೂ ರಿಪೋರ್ಟಲ್ಲಿ ಬರೀ ನೂರೇ. ಬಿಪಿ ಕಂಟ್ರೋಲಿಗೆ ಬಂತಾ ಅಂತ ಒಬ್ಬರೂ ಕೇಳ್ಲಿಲ್ಲ.

ಆಮೇಲೆ ಮಾಡಿದ್ದು ಇಷ್ಟೆ. ತಿಂಗಳ ಮಾತ್ರೆಗೆ ಮೂವತ್ತು ರೂಪಾಯಿ, ಹಳೇ ಖಾಲಿ ಸ್ಟ್ರಿಪ್ ವಾಪಸ್ ತಂದ್ರೆ ಇಪ್ಪತ್ತು. ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಎಂಜಿ, ಸರ್ಕಾರದ ಜನೌಷಧಿ ಅಂಗಡಿ ರೇಟಲ್ಲಿ ಹತ್ತರ ಸ್ಟ್ರಿಪ್ಪಿಗೆ ಹತ್ತು ರೂಪಾಯಿ ಒಳಗೇ ಬರುತ್ತಲ್ಲ, ಅದೊಂದೇ ತಗೊಳೋರಲ್ಲಿ ನಮಗೆ ಹೆಚ್ಚುಕಮ್ಮಿ ಸಮ. ಬಿಪಿದೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ನು, ಶುಗರಿನ ಮೆಟ್‌ಫಾರ್ಮಿನ್ನು ಎಲ್ಲಾ ಸೇರಿದ್ರೆ ಕೈಯಿಂದ ಹೋಗುತ್ತೆ, ಒಬ್ರಿಗೆ ತಿಂಗಳಿಗೆ ಮೂವತ್ತೋ ನಲವತ್ತೋ ಇರ್ಬೇಕು. ಎರಡು ಕ್ಯಾಂಪ್ ನಿಲ್ಲಿಸಿದ ದುಡ್ಡಲ್ಲೇ ಇದು ವರ್ಷ ಓಡ್ತು ಅಂದ್ರೆ ಟ್ರಸ್ಟಿಗಳೇ ನಂಬ್ಲಿಲ್ಲ, ಬುಕ್ಕು ತೆಗೆದು ತೋರಿಸ್ಬೇಕಾಯ್ತು.

ಸ್ಟ್ರಿಪ್ ಯಾಕೆ ಅಂದ್ರೆ ಅದಕ್ಕೆ ಭಾಷೆ ಬೇಡ. ಮೊದಲು "ಯಾವ ಮಾತ್ರೆ ತಗೋತಿದೀರಾ" ಅಂದ್ರೆ "ಬಿಳೀದು, ಸಣ್ಣದು" ಅನ್ನೋರು, ಅಂಥವು ನಮ್ಮ ರ‍್ಯಾಕಲ್ಲಿ ಹತ್ತು ಇರ್ತವೆ. ಈಗ ಸ್ಟ್ರಿಪ್ ಟೇಬಲ್ ಮೇಲೆ ಇಟ್ರೆ ಮುಗೀತು. ಎಷ್ಟೋ ಜನ ಬೇರೆ ಕಡೆ ತಗೊಂಡಿದ್ದನ್ನೂ ತಂದ್ರು, ಒಂದೇ ಟೆಲ್ಮಿಸಾರ್ಟನ್ನ ಎರಡು ಕಂಪನಿ ಹೆಸರಲ್ಲಿ ದಿನಾ ಎರಡು ನುಂಗ್ತಿದ್ದವ್ರು ಹಿಂಗೇ ಸಿಕ್ಕಿದ್ದು.

ಡಾಕ್ಟ್ರ ಡೌಟು ಏನಂದ್ರೆ ಜನ ಬರೋ ದಾರೀಲಿ ಮಾತ್ರೆ ಒತ್ತಿ ಬಿಸಾಕಿ ಖಾಲಿ ಮಾಡ್ಕೊಂಡು ಬರ್ತಾರೆ ಅಂತ. ಬರ್ತಾರೆ, ಇಲ್ಲ ಅನ್ನಲ್ಲ. ಅದಕ್ಕೇ ಮೂವತ್ತು ಮಾತ್ರೆ ಕೊಟ್ಟು 28ನೇ ದಿನಕ್ಕೆ ಕರೀತೀವಿ. ನಾಲ್ಕು ವಾರ ಆದ್ರೆ ಸೋಮವಾರ ಬಂದವ್ರಿಗೆ ಸೋಮವಾರನೇ ಬರುತ್ತೆ, ವೀಕ್ಲಿ ಆಫ್ ಇರೋರಿಗೆ ನೆನಪಿಟ್ಕೊಳೋಕೂ ಸುಲಭ. ಸರಿಯಾಗಿ ತಗೊಂಡವ್ರ ಸ್ಟ್ರಿಪ್ಪಲ್ಲಿ ಎರಡು ಉಳಿದಿರ್ಬೇಕು, ಪೂರ್ತಿ ಖಾಲಿ ಇದ್ರೆ ಅನುಮಾನ. ಉಳಿದಿದ್ದನ್ನ ಸೇರಿಸ್ಕೊಂಡು ಬಾಕಿ ಅಷ್ಟೇ ಕೊಡೋದು. ಬೈಯಲ್ಲ, ಬಿಪಿ ಇನ್ನೊಂದ್ಸಲ ನೋಡ್ತೀವಿ, ಗೊತ್ತಾಗೇ ಆಗುತ್ತೆ. ಇನ್ನೊಂದು ಗುರುತೂ ಇದೆ, ಅದನ್ನ ಇಲ್ಲಿ ಬರೆಯಲ್ಲ, ನಮ್ಮ ಪೇಷಂಟುಗಳ ಮಕ್ಕಳೂ ಫೇಸ್‌ಬುಕ್ ನೋಡ್ತಾರೆ. ಹೋಲ್‌ಸೇಲರ್ ಹತ್ರ ಒಂದೇ ಕಂಪನಿ ಮಾಲು ಆರು ತಿಂಗಳು ಹೆಂಗೆ ಹಿಡಿದಿಟ್ಕೊಂಡೆ ಅನ್ನೋದೂ ಬೇಡ ಬಿಡಿ. ಆದ್ರೆ ಹಿಡಿದಿಡ್ಲೇಬೇಕು, ಸ್ಟ್ರಿಪ್ ಬಣ್ಣ ಬದಲಾದ ತಿಂಗಳು "ಇದು ನನ್ ಮಾತ್ರೆ ಅಲ್ಲ" ಅಂತ ವಾಪಸ್ ಕೊಟ್ಟು ಹೋದವ್ರು ಇದಾರೆ.

ಮಧ್ಯದಲ್ಲಿ ಸೂರ್ಯ ಚಂದ್ರ ಸ್ಟಿಕ್ಕರ್ ಅಂಟಿಸಿ ನೋಡಿದ್ವಿ, ಬೆಳಿಗ್ಗೆಗೆ ಸೂರ್ಯ ರಾತ್ರಿಗೆ ಚಂದ್ರ. ನೈಟ್ ಶಿಫ್ಟ್ ಹುಡುಗ್ರು ಕೆಡಿಸಿಬಿಟ್ರು, ಸೂರ್ಯ ಬಂದಾಗ ಅವರು ಉಣ್ಣದೆ ಮಲಗೋದು, ಮೆಟ್‌ಫಾರ್ಮಿನ್ನು ಖಾಲಿ ಹೊಟ್ಟೆಗೆ ಬಿದ್ದು ಹೊಟ್ಟೆ ಕೆಡ್ತು. ಈಗ ಊಟದ ತಟ್ಟೆ ಚಿತ್ರ ಅಷ್ಟೇ. ರಂಜಾನಿಗೆ ಹದಿನೈದು ದಿನ ಮುಂಚೆನೇ ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತಗೊಳೋರ ಲಿಸ್ಟ್ ಡಾಕ್ಟ್ರಿಗೆ ಕೊಡ್ತೀನಿ, ಡೋಸ್ ಬದಲಾಯಿಸ್ದೆ ಉಪವಾಸ ಮಾಡಿದ್ರೆ ಶುಗರ್ ಇಳಿದು ಬಿದ್ದೇ ಹೋಗ್ಬಹುದು. ಯುಗಾದಿಗೆ, ಬಿತ್ತನೆಗೆ ಊರಿಗೆ ಹೋಗೋ ಗಾರೆ ಕೆಲಸದವ್ರಿಗೆ ಎರಡು ತಿಂಗಳದ್ದು ಒಟ್ಟಿಗೆ. ಅದಕ್ಕೂ ವಿರೋಧ ಇತ್ತು, ಆದ್ರೆ ರಾಯಚೂರಿಂದ ಖಾಲಿ ಸ್ಟ್ರಿಪ್ ಗಂಟು ಕಟ್ಕೊಂಡು ಬಂದ ಯಜಮಾನ್ರನ್ನ ನೋಡಿದ್ಮೇಲೆ ವಿರೋಧ ಮಾಡಿದವ್ರು ಸುಮ್ಮನಾದ್ರು.

ಸಂಜೆ ಆರರಿಂದ ಒಂಬತ್ತೂವರೆ ಓಪಿಡಿ ಇಲ್ದೆ ಇದ್ಯಾವ್ದೂ ನಡೀತಿರ್ಲಿಲ್ಲ, ಅದನ್ನೂ ಹೇಳ್ಬೇಕು. ದಿನದ ಕೂಲಿ ಬಿಟ್ಟು ಹತ್ತು ರೂಪಾಯಿ ಉಳಿಸೋಕೆ ಯಾರು ಬರ್ತಾರೆ. ಈಗ ಮೂರನೇ ತಿಂಗಳಿಗೂ ನೂರಕ್ಕೆ ಎಪ್ಪತ್ತರ ಹತ್ರ ಬರ್ತಾರೆ, ಬಂದ ಬಿಪಿಯವ್ರಲ್ಲಿ ಅರ್ಧಕ್ಕಿಂತ ಜಾಸ್ತಿ 140/90 ಕೆಳಗಿದಾರೆ, ಅಂದ್ರೆ ಬಿಪಿ ಕಂಟ್ರೋಲಲ್ಲಿದೆ.

ಖಾಲಿ ಸ್ಟ್ರಿಪ್ ಗೋಣಿಚೀಲಗಟ್ಟಲೆ ಬಿದ್ದಿದೆ, ಪ್ಲಾಸ್ಟಿಕ್ಕು ಅಲ್ಯೂಮಿನಿಯಂ ಅಂಟಿಕೊಂಡಿರೋದ್ರಿಂದ ನಿಜವಾದ ಗುಜರಿಯವನೇ ಮುಟ್ಟಲ್ಲ. ಇನ್ಸುಲಿನ್ನಿಗೆ ಈ ಉಪಾಯ ಇನ್ನೂ ನಡೆದಿಲ್ಲ, ಫ್ರಿಜ್ ಇಲ್ಲದ ಮನೆಗಳಿಗೆ ಮಡಕೆಯಲ್ಲಿ ಇಡೋದು ಹೇಳ್ಕೊಡ್ತಿದೀವಿ, ಖಾಲಿ ವಯಲ್ ವಾಪಸ್ ತರೋ ಅಭ್ಯಾಸ ಇನ್ನೂ ಕೂತಿಲ್ಲ. ಇನ್ಸುಲಿನ್ನಿಗೆ ಯಾರಾದ್ರೂ ಇದನ್ನ ಮಾಡಿದ್ರೆ ಹೇಳಿ, ನನ್ನ ಹೋಲ್‌ಸೇಲರ್ ಗುಟ್ಟು ಬೇಕಾದ್ರೆ ಆಗ ಹೇಳ್ತೀನಿ.