ವರ್ಚುವಲ್‌ಬಾಕ್ಸ್ ಫುಲ್‌ಸ್ಕ್ರೀನ್‌ನಲ್ಲಿ ಉಬುಂಟು ಚಿಕ್ಕದಾಗೇ ಉಳಿದರೆ
ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಓಡಿಸುವ ತಂತ್ರಾಂಶ) ಉಬುಂಟು ಲಿನಕ್ಸ್ ಓಡಿಸುವಾಗ, ಫುಲ್‌ಸ್ಕ್ರೀನ್ ಮಾಡಿದರೂ ನಡುವೆ 800×600 ಚೌಕ, ಸುತ್ತಲೂ ಕಪ್ಪು ಪಟ್ಟಿ ಬರುತ್ತಿದೆಯಾ? ಒಳಗಿನ ವರ್ಚುವಲ್ ಮೆಷಿನ್ನನ್ನು ಪೂರ್ತಿ ಶಟ್‌ಡೌನ್ ಮಾಡಿ (ಸೇವ್ ಸ್ಟೇಟ್ ಸಾಲದು, ಸೆಟ್ಟಿಂಗ್‌ನ ಆಯ್ಕೆ ಬದಲಿಸಲಾಗದೆ ಬೂದು ಬಣ್ಣದಲ್ಲೇ ಕೂತಿರುತ್ತದೆ), ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಕಂಟ್ರೋಲರ್ ವಿಎಂಎಸ್‌ವಿಜಿಎ, ವಿಡಿಯೊ ಮೆಮೊರಿ 128 ಎಂಬಿ ಇಡಿ. ಆಮೇಲೆ ಉಬುಂಟು ಒಳಗೆ ಗೆಸ್ಟ್ ಅಡಿಷನ್ಸ್ (ವರ್ಚುವಲ್‌ಬಾಕ್ಸ್‌ನದೇ ಪೂರಕ ತಂತ್ರಾಂಶ) ಹಾಕಿ ರೀಸ್ಟಾರ್ಟ್ ಮಾಡಿ, ವ್ಯೂ ಮೆನುವಿನಲ್ಲಿ ‘ಆಟೊ-ರೀಸೈಜ್ ಗೆಸ್ಟ್ ಡಿಸ್‌ಪ್ಲೇ’ಗೆ ಟಿಕ್ ಕೊಟ್ಟು ಬಲಗಡೆಯ ಕಂಟ್ರೋಲ್ ಜೊತೆ ಎಫ್ ಒತ್ತಿ. ಹೊರಗಿನ ಪರದೆಯ ಅಳತೆಯನ್ನು ಒಳಗಿನ ಲಿನಕ್ಸ್‌ಗೆ ತಲುಪಿಸುವುದು ಅಡಿಷನ್ಸ್ ಕೆಲಸ. ‘ಆಟೊ-ರೀಸೈಜ್’ ಆಯ್ಕೆ ಒತ್ತಲು ಬರದಿದ್ದರೆ ಸಾಮಾನ್ಯವಾಗಿ ಅಡಿಷನ್ಸ್ ಓಡುತ್ತಿಲ್ಲ ಅಂತ ಅರ್ಥ. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಅಪ್‌ಡೇಟ್ ಆದಮೇಲೆ ಮತ್ತೆ ಕೆಟ್ಟರೆ, ಅಡಿಷನ್ಸ್ ಕಟ್ಟಿಕೊಳ್ಳಲು ಬೇಕಾದ ಹೊಸ ಕರ್ನಲ್‌ನ ಹೆಡರ್ಸ್ ಫೈಲುಗಳು, ಜಿಸಿಸಿ ಮತ್ತು ಮೇಕ್ ಎಂಬ ಪರಿಕರಗಳು ಇವೆಯೇ ನೋಡಿ, ಅಡಿಷನ್ಸ್ ಮರಳಿ ಹಾಕಿ. ಒಳಗಿರುವುದು ವಿಂಡೋಸ್ ಆದರೆ ವಿಎಂಎಸ್‌ವಿಜಿಎ ಬೇಡ, ವಿಬಾಕ್ಸ್‌ಎಸ್‌ವಿಜಿಎ ಆರಿಸಿ.